ಕಾಗದಕ್ಕೂ ಬೇಕು ಪಡಿಯಚ್ಚು

ಕನ್ನಡ ನಾಡಿನ ಚರಿತ್ರೆಯನ್ನು ಕಟ್ಟಿಕೊಟ್ಟ ಆಕರಗಳಲ್ಲಿ ಶಾಸನ ಮತ್ತು ಹಸ್ತಪ್ರತಿಗಳೆರಡೂ ಮುಖ್ಯವಾದವು. ಎರಡನ್ನೂ ವಿದ್ವಾಂಸರು ಹುಡುಕಿದರು, ಓದಿದರು, ಪ್ರಕಟಿಸಿದರು. ಆದರೆ ಎರಡರ ಪಾಡು ಒಂದೇ ಆಗಲಿಲ್ಲ. ಶಾಸನವನ್ನು ಎತ್ತಿಕೊಂಡು ಹೋಗುವುದು ಸುಲಭವಿರಲಿಲ್ಲ. ಆದುದರಿಂದ ವಿದ್ವಾಂಸನೇ ಊರಿಗೆ ಬರಬೇಕಾಯಿತು. ಕಲ್ಲನ್ನು ತೊಳೆದು, ಒದ್ದೆ ಕಾಗದವನ್ನು ಅದರ ಮೇಲೆ ಹಾಸಿ, ಬ್ರಷ್ಷಿನಿಂದ ಬಡಿದು, ಅಕ್ಷರಗಳ ತಗ್ಗಿನೊಳಗೆ ಕಾಗದ ಇಳಿದ ಮೇಲೆ ಮಸಿ ಸವರಿ, ಪಡಿಯಚ್ಚು ತೆಗೆದುಕೊಂಡು ಆತ ಹೊರಟುಹೋದ. ಕಲ್ಲು ಊರಲ್ಲೇ ಉಳಿಯಿತು. ಜೆ.ಎಫ್. ಫ್ಲೀಟ್ 1882ರಲ್ಲಿ ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳ ರಾಜವಂಶಗಳ ಚರಿತ್ರೆಯನ್ನು ಬರೆದಾಗ, ಆತನಿಗೆ ಆಧಾರವಾದ ಕಲ್ಲುಗಳಲ್ಲಿ ಬಹುಪಾಲು ತಮ್ಮ ತಮ್ಮ ಊರುಗಳ ಗುಡಿ ಬಸದಿಗಳ ಅಂಗಳದಲ್ಲಿಯೇ ಇದ್ದವು. ನಮ್ಮ ಸೀಮೆಯಲ್ಲಿ ಇಂದಿಗೂ ಅನೇಕ ಊರುಗಳಲ್ಲಿ ಅವು ಅಲ್ಲಿಯೇ ಇವೆ. ಓದಿನಲ್ಲಿ ಸಂದೇಹ ಬಂದರೆ ಯಾರಾದರೂ ಹೋಗಿ ಮತ್ತೊಮ್ಮೆ ನೋಡಬಹುದು.

ಓಲೆಗರಿಯ ಕಟ್ಟು ಹಗುರ. ಕಾಗದದ ಗಂಟು ಇನ್ನೂ ಹಗುರ. ಆ ಹಗುರತನವೇ ಅವುಗಳಿಗೆ ಮುಳುವಾಯಿತು. ‘ನಾಲ್ಕು ದಿನ ಕೊಡಿ, ನಕಲು ಮಾಡಿಕೊಂಡು ತಂದುಕೊಡುತ್ತೇನೆ’ ಎಂಬ ಮಾತಿನ ಮೇಲೆ ಮನೆಯಿಂದ ಹೊರಟ ಕಟ್ಟುಗಳು ಎಷ್ಟೋ ತಿರುಗಿ ಬರಲಿಲ್ಲ. ಕ್ಷೇತ್ರಕಾರ್ಯಕ್ಕೆ ಹೋದ ಯಾವ ಸಂಶೋಧಕನೂ ಈ ದೂರನ್ನು ಕೇಳದೆ ಇರಲಾರ. ಧಾರವಾಡ, ಬೆಳಗಾವಿ ಸೀಮೆಯ ಉಪಾಧ್ಯೆ ಮನೆತನಗಳಲ್ಲಿ ನಾನೂ ಇದನ್ನು ಹಲವು ಬಾರಿ ಕೇಳಿದ್ದೇನೆ: ‘ಅಜ್ಜನ ಕಾಲಕ್ಕೆ ಒಬ್ಬರು ಒಯ್ದರು, ಮುಂದೆ ಪತ್ತೆ ಇಲ್ಲ.’ ಒಯ್ದವರೆಲ್ಲರೂ ಅಪ್ರಾಮಾಣಿಕರಾಗಿರಲಿಲ್ಲ. ಕೆಲವರು ತೀರಿಕೊಂಡರು, ಕೆಲವರ ಮನೆಯವರಿಗೆ ಆ ಗಂಟು ಯಾರದೆಂಬುದೇ ತಿಳಿಯಲಿಲ್ಲ. ಆದರೆ ಮನೆಯವರ ಪಾಲಿಗೆ ಫಲ ಒಂದೇ. ಆ ಅನುಭವದ ನಂತರ ಬಾಗಿಲು ಮುಚ್ಚಿಕೊಂಡ ಮನೆಗಳು ಇಂದಿಗೂ ತೆರೆದಿಲ್ಲ.

ಈ ಹಿನ್ನೆಲೆಯಲ್ಲಿ, ಕೈಯಲ್ಲಿ ಹಿಡಿದು ಕಾಗದದ ಮೇಲೆ ಜರುಗಿಸುವ ಚಿಕ್ಕ ಸ್ಕ್ಯಾನರಿನ ಬಗ್ಗೆ ಒಂದು ವಿಚಾರವನ್ನು ಓದುಗರ ಮುಂದಿಡಬೇಕೆನಿಸಿದೆ. ಇದೇನೂ ಹೊಸ ಯಂತ್ರವಲ್ಲ. ಎ-4 ಹಾಳೆಯ ಅಗಲಕ್ಕಿಂತ ತುಸು ಉದ್ದವಾದ ಒಂದು ಕೋಲು. ಕೆಳಗೆ ಬೆಳಕಿನ ಪಟ್ಟಿ, ಪಕ್ಕದಲ್ಲಿ ಪುಟ್ಟ ಉರುಳೆಗಳು, ಒಳಗೆ ಒಂದು ಮೆಮೊರಿ ಕಾರ್ಡು. ಬ್ಯಾಟರಿಯಿಂದ ನಡೆಯುತ್ತದೆ, ಕಂಪ್ಯೂಟರ್ ಬೇಡ, ಮನೆಯಲ್ಲಿ ವಿದ್ಯುತ್ ಇಲ್ಲದಿದ್ದರೂ ನಡೆದೀತು. ಹಾಳೆಯ ಮೇಲ್ತುದಿಯಿಂದ ಕೆಳತುದಿಯವರೆಗೆ ಸಮನಾದ ವೇಗದಲ್ಲಿ ಎಳೆದರೆ ಕೆಲವೇ ಕ್ಷಣಗಳಲ್ಲಿ ಪಡಿಯಚ್ಚು ಸಿದ್ಧ. ಪೇಟೆಯಲ್ಲಿ ಇದನ್ನು ಅಂಗಡಿಯ ಬಿಲ್ಲು, ಆಫೀಸಿನ ಕಾಗದಗಳಿಗೆಂದು ಮಾರುತ್ತಾರೆ. ನನ್ನ ದೃಷ್ಟಿಯಲ್ಲಿ ಇದರ ನಿಜವಾದ ಬೆಲೆ ಬೇರೆಡೆ ಇದೆ. ಶಾಸನಕ್ಕೆ ಪಡಿಯಚ್ಚು ಕೊಟ್ಟ ಭಾಗ್ಯವನ್ನು ಇದು ಕಾಗದಕ್ಕೆ ಕೊಡಬಲ್ಲದು. ಮೂಲ ಮನೆಯಲ್ಲಿಯೇ ಉಳಿಯುತ್ತದೆ. ವಿದ್ವಾಂಸ ಪ್ರತಿಯನ್ನು ಮಾತ್ರ ಒಯ್ಯುತ್ತಾನೆ. ‘ಒಯ್ದು ತಂದುಕೊಡುತ್ತೇನೆ’ ಎಂಬ ಮಾತನ್ನು ಇನ್ನು ಮುಂದೆ ಯಾವ ಸಂಶೋಧಕನೂ ಆಡಬೇಕಾಗಿಲ್ಲ. ಆಡಿದರೆ ಮನೆಯವರು ನಂಬಬೇಕಾಗಿಯೂ ಇಲ್ಲ.

ಪ್ರತಿ ಮಾಡುವುದರಲ್ಲಿ ಎಷ್ಟು ದೊಡ್ಡ ಪ್ರಶ್ನೆಗಳು ಅಡಗಿರುತ್ತವೆ ಎಂಬುದಕ್ಕೆ ಜೈನ ಸಾಹಿತ್ಯದ ಚರಿತ್ರೆಯಲ್ಲಿಯೇ ಒಂದು ಮಹತ್ತಾದ ನಿದರ್ಶನವಿದೆ. ಷಟ್‌ಖಂಡಾಗಮಕ್ಕೆ ವೀರಸೇನಾಚಾರ್ಯರು ಬರೆದ ಧವಲಾ ಟೀಕೆಯ ಪ್ರಾಚೀನ ಓಲೆಪ್ರತಿಗಳು ಹಳಗನ್ನಡ ಲಿಪಿಯಲ್ಲಿ ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಮಾತ್ರ ಉಳಿದಿದ್ದವು. ಶತಮಾನಗಳ ಕಾಲ ಅವು ದರ್ಶನಕ್ಕೆ ಇದ್ದವೇ ಹೊರತು ಅಧ್ಯಯನಕ್ಕೆ ಇರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಸೊಲ್ಲಾಪುರದ ಹಿರಾಚಂದ ನೇಮಚಂದ, ಮುಂಬಯಿಯ ಮಾಣಿಕಚಂದ ಮೊದಲಾದ ಶ್ರೇಷ್ಠಿಗಳ ಪ್ರಯತ್ನದಿಂದ ಅವುಗಳ ನಕಲಿನ ಕೆಲಸ ಆರಂಭವಾಯಿತು. ಬ್ರಹ್ಮಸೂರಿ ಶಾಸ್ತ್ರಿಗಳು ಮತ್ತು ಗಜಪತಿ ಉಪಾಧ್ಯಾಯರು ಬಸದಿಯಲ್ಲಿಯೇ ಕುಳಿತು ಓಲೆ ನೋಡಿ ಬರೆಯತೊಡಗಿದರು. ಕೆಲಸ ಸುಮಾರು ಕಾಲು ಶತಮಾನದವರೆಗೆ ಎಳೆಯಿತು. ಮೂಲವು ಮೂಡುಬಿದಿರೆಯನ್ನು ಬಿಟ್ಟು ಕದಲಲಿಲ್ಲ. ಪ್ರತಿಯೂ ಕದಲಬಾರದು ಎಂಬುದು ಅಲ್ಲಿಯವರ ನಿಲುವಾಗಿತ್ತು. ಆದರೆ ಗಜಪತಿ ಉಪಾಧ್ಯಾಯರು ತಮ್ಮ ವಿದುಷಿ ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ ಕನ್ನಡ ಲಿಪಿಯಲ್ಲಿ ಇನ್ನೊಂದು ಪ್ರತಿಯನ್ನು ಗುಟ್ಟಾಗಿ ಸಿದ್ಧಪಡಿಸಿದರು. ಅದು ಉತ್ತರದ ಸಹಾರನ್‌ಪುರಕ್ಕೆ ಹೋಗಿ, ಅಲ್ಲಿಂದ ಪ್ರತಿಯ ಪ್ರತಿಗಳಾಗಿ ಹಲವು ಊರುಗಳಿಗೆ ಹರಡಿತು. 1939ರಲ್ಲಿ ಹೀರಾಲಾಲ್ ಜೈನರು ಅಮರಾವತಿಯಿಂದ ಮೊದಲ ಸಂಪುಟವನ್ನು ಪ್ರಕಟಿಸಿದಾಗ ಅವರ ಮುಂದಿದ್ದದ್ದು ಇಂತಹ ಪ್ರತಿಗಳೇ.

ಉಪಾಧ್ಯಾಯರು ಮಾಡಿದ್ದು ಸರಿಯೇ ತಪ್ಪೇ ಎಂಬ ಚರ್ಚೆ ಸುಲಭವಾಗಿ ಮುಗಿಯುವಂಥದ್ದಲ್ಲ. ಅವರು ಹಾಗೆ ಮಾಡದಿದ್ದರೆ ನಮ್ಮ ತಲೆಮಾರಿಗೆ ಧವಲೆ ಅಷ್ಟು ಬೇಗ ದಕ್ಕುತ್ತಿರಲಿಲ್ಲ. ಒಪ್ಪಿಗೆಯಿಲ್ಲದೆ ಮಾಡಿದ ಪ್ರತಿಯು ಕಾಪಾಡಿಕೊಂಡು ಬಂದವರ ಮನಸ್ಸಿಗೆ ನೋವುಂಟುಮಾಡಿತೆಂಬುದೂ ಅಷ್ಟೇ ನಿಜ. ನನ್ನ ವಾದಕ್ಕೆ ಮುಖ್ಯವಾದುದು ಮುಂದಿನ ಸಂಗತಿ. ಆ ಮೊದಲ ಸಂಪುಟದ 93ನೆಯ ಸೂತ್ರದಲ್ಲಿ ‘ಸಂಜದ’ ಎಂಬ ಒಂದು ಪದ ಇರಬೇಕೆಂದು ಸಂಪಾದಕರಿಗೆ ಅರ್ಥದ ಬಲದಿಂದ ತೋರಿತು. ಕೈಯಲ್ಲಿದ್ದ ಪ್ರತಿಗಳಲ್ಲಿ ಅದು ಇರಲಿಲ್ಲ. ಆ ಒಂದು ಪದದಿಂದ ಸಿದ್ಧಾಂತದ ಒಂದು ದೊಡ್ಡ ಪ್ರಶ್ನೆಗೇ ಬೇರೆ ಉತ್ತರ ಬರುತ್ತಿದ್ದುದರಿಂದ ಪಂಡಿತರ ನಡುವೆ ಬಿರುಸಾದ ವಾದ ನಡೆಯಿತು. ಕೊನೆಗೆ ಮೂಡುಬಿದಿರೆಯ ಮೂಲ ಓಲೆಯನ್ನು ನೋಡಿದಾಗ ಪದ ಅಲ್ಲಿತ್ತು. ನಕಲು ಮಾಡಿದ ಕೈಯೊಂದು ಎಲ್ಲಿಯೋ ಅದನ್ನು ಬಿಟ್ಟಿತ್ತು.

ಇದರಿಂದ ಎರಡು ಪಾಠಗಳು ಹೊರಡುತ್ತವೆ. ಮನುಷ್ಯನ ಕೈ ಎಷ್ಟೇ ಶ್ರದ್ಧೆಯಿಂದ ಬರೆದರೂ ಅಕ್ಷರ ಬಿಡುತ್ತದೆ. ಚಿತ್ರರೂಪದ ಪ್ರತಿಯಾದರೋ ಹುಳು ತಿಂದ ತೂತನ್ನೂ, ಅಂಚಿನ ತಿದ್ದುಪಡಿಯನ್ನೂ ಇದ್ದಂತೆಯೇ ತೋರಿಸುತ್ತದೆ. ಇದು ಮೊದಲನೆಯ ಪಾಠ, ಯಂತ್ರದ ಪರವಾದುದು. ಎರಡನೆಯದು ಯಂತ್ರದ ಮೋಹಕ್ಕೆ ಎಚ್ಚರಿಕೆ. ವಾದ ತೀರಿದ್ದು ಮೂಲ ಉಳಿದಿದ್ದರಿಂದ. ಓಲೆಗಳನ್ನು ನಕಲಾದ ಮೇಲೆ ಯಾರಾದರೂ ‘ಇನ್ನು ಇವು ಬೇಡ’ ಎಂದು ಹೊಳೆಗೆ ಬಿಟ್ಟಿದ್ದರೆ ಆ ಪದ ಶಾಶ್ವತವಾಗಿ ಹೋಗುತ್ತಿತ್ತು. ಇಂದು ಹಳೆಯ ಕಾಗದಗಳನ್ನು ಸ್ಕ್ಯಾನ್ ಮಾಡಿಸಿದ ಮನೆಗಳಲ್ಲಿ ‘ಎಲ್ಲ ಕಂಪ್ಯೂಟರಿನಲ್ಲಿ ಬಂತಲ್ಲ, ಇನ್ನೇಕೆ ಈ ಧೂಳು’ ಎಂಬ ಮಾತು ಕೇಳಿಬರುತ್ತದೆ. ಪಡಿಯಚ್ಚು ಸಿಕ್ಕಿತೆಂದು ಶಾಸನದ ಕಲ್ಲನ್ನು ಯಾರೂ ಮೆಟ್ಟಿಲಿಗೆ ಹಾಕಬಾರದಷ್ಟೆ? ಹಾಗೆಯೇ ಇದು. ಪ್ರತಿಯು ಮೂಲಕ್ಕೆ ಕಾವಲು, ಬದಲಿಯಲ್ಲ.

ಹಸ್ತಪ್ರತಿಗಳ ವಿಷಯದಲ್ಲಿ ಕೆಲಸ ನಡೆದೇ ಇಲ್ಲವೆಂದಲ್ಲ. ಧಾರವಾಡದಲ್ಲಿ 1939ರಲ್ಲಿ ಅಂದಿನ ಮುಂಬಯಿ ಸರ್ಕಾರ ಸ್ಥಾಪಿಸಿದ ಕನ್ನಡ ಸಂಶೋಧನ ಸಂಸ್ಥೆ ಮುಂದೆ ಕರ್ನಾಟಕ ವಿಶ್ವವಿದ್ಯಾಲಯದ ಭಾಗವಾಗಿ ಹಸ್ತಪ್ರತಿಗಳನ್ನು ಸಂಗ್ರಹಿಸಿತು. ಕೆ. ಭುಜಬಲಿ ಶಾಸ್ತ್ರಿಗಳು ಸಂಪಾದಿಸಿದ ‘ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ’ 1948ರಲ್ಲಿ ಕಾಶಿಯ ಭಾರತೀಯ ಜ್ಞಾನಪೀಠದಿಂದ ಪ್ರಕಟವಾಯಿತು. ಕೇಂದ್ರ ಸರ್ಕಾರವು 2003ರಲ್ಲಿ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನವನ್ನು ಆರಂಭಿಸಿತು. 2025ರ ಆಯವ್ಯಯದಲ್ಲಿ ಒಂದು ಕೋಟಿಗೂ ಹೆಚ್ಚು ಹಸ್ತಪ್ರತಿಗಳನ್ನು ಒಳಗೊಳ್ಳುವ ‘ಜ್ಞಾನ ಭಾರತಂ’ ಯೋಜನೆಯನ್ನು ಪ್ರಕಟಿಸಿತು. ಇವೆಲ್ಲ ಸಂತೋಷದ ಸಂಗತಿಗಳು. ಆದರೆ ರಾಷ್ಟ್ರೀಯ ಅಭಿಯಾನದ ಲೆಕ್ಕದಲ್ಲಿ ಹಸ್ತಪ್ರತಿಯೆಂದರೆ ಕೈಬರಹದ್ದಾಗಿರಬೇಕು, ಕನಿಷ್ಠ 75 ವರ್ಷ ಹಳೆಯದಾಗಿರಬೇಕು, ವೈಜ್ಞಾನಿಕವೋ ಐತಿಹಾಸಿಕವೋ ಕಲಾತ್ಮಕವೋ ಆದ ಮೌಲ್ಯವಿರಬೇಕು. ಈ ಜರಡಿಯಲ್ಲಿ ಉಳಿಯುವುದು ಗ್ರಂಥ. ಸೋಸಿ ಹೋಗುವುದು ಮನೆ.

ಹುಬ್ಬಳ್ಳಿ ಧಾರವಾಡಗಳ ಹಳೆಯ ಮನೆಗಳ ಅಟ್ಟದಲ್ಲಿ, ತಗಡಿನ ಟ್ರಂಕಿನಲ್ಲಿ, ಬಸದಿಯ ಕಪಾಟಿನ ಕೆಳಗಿನ ಗೂಡಿನಲ್ಲಿ ಏನಿದೆ ಎಂಬುದನ್ನು ಒಮ್ಮೆ ಲೆಕ್ಕ ಹಾಕಿ ನೋಡಬೇಕು. ಮೋಡಿ ಲಿಪಿಯ ಲೆಕ್ಕದ ಕಾಗದಗಳು, ಪಂಚಕಲ್ಯಾಣದ ಅಚ್ಚಾದ ಆಮಂತ್ರಣ ಪತ್ರಿಕೆಗಳು, ಬಸದಿಯ ಜಮಾಖರ್ಚಿನ ಕಿರ್ದಿ, ಯಾತ್ರೆಗೆ ಹೋದವರು ಸಮ್ಮೇದ ಶಿಖರದಿಂದ ಬರೆದ ಕಾರ್ಡುಗಳು, ಹೆಣ್ಣುಮಕ್ಕಳು ನೋಟ್‌ಬುಕ್ಕಿನಲ್ಲಿ ಬರೆದಿಟ್ಟ ನೋಂಪಿಯ ಹಾಡುಗಳು, ದಕ್ಷಿಣ ಮಹಾರಾಷ್ಟ್ರ ಜೈನ ಸಭೆಯ ‘ಪ್ರಗತಿ ಆಣಿ ಜಿನವಿಜಯ’ದ ಬಿಡಿ ಸಂಚಿಕೆಗಳು, ಬೋರ್ಡಿಂಗಿನ ವಿದ್ಯಾರ್ಥಿಗಳು ಸಾಲಾಗಿ ನಿಂತ ಗುಂಪಿನ ಛಾಯಾಚಿತ್ರ. ಇವುಗಳಲ್ಲಿ ಒಂದೂ ‘ಗ್ರಂಥ’ವಲ್ಲ. ಅಚ್ಚಾದದ್ದು ಹಸ್ತಪ್ರತಿಯಲ್ಲ, ಫೋಟೋ ಹಸ್ತಪ್ರತಿಯಲ್ಲ, 1970ರ ಪತ್ರಕ್ಕೆ ವಯಸ್ಸು ಸಾಲದು. ಆದರೆ ಇಪ್ಪತ್ತನೆಯ ಶತಮಾನದ ಉತ್ತರ ಕರ್ನಾಟಕದ ಜೈನ ಸಮಾಜ ಹೇಗಿತ್ತು, ಅದರ ಹೆಂಗಸರು ಏನು ಓದಿದರು, ಮರಾಠಿಗೂ ಕನ್ನಡಕ್ಕೂ ನಡುವೆ ಅದು ಹೇಗೆ ಬದುಕಿತು ಎಂದು ಮುಂದೆ ಯಾರಾದರೂ ಬರೆಯಬೇಕಾದರೆ ಇವುಗಳಿಂದಲೇ ಬರೆಯಬೇಕು.

ಇವು ಹೋಗುತ್ತಿರುವ ವೇಗ ಆತಂಕ ಹುಟ್ಟಿಸುವಂಥದ್ದು. ಮಾಳಮಡ್ಡಿಯ ಹೆಂಚಿನ ಮನೆಗಳು, ಹಳೇ ಹುಬ್ಬಳ್ಳಿಯ ತೊಲೆ ಕಂಬದ ಮನೆಗಳು ಒಂದೊಂದಾಗಿ ಇಳಿದು ಅಪಾರ್ಟ್‌ಮೆಂಟುಗಳು ಏಳುತ್ತಿವೆ. ಮಕ್ಕಳು ಬೆಂಗಳೂರು, ಪುಣೆ, ಇನ್ನೂ ದೂರದ ಊರುಗಳಲ್ಲಿದ್ದಾರೆ. ಮನೆ ಖಾಲಿ ಮಾಡುವ ವಾರದಲ್ಲಿ ತಾಮ್ರದ ಹಂಡೆಗೆ ವಾರಸುದಾರರು ಸಿಗುತ್ತಾರೆ, ಕಾಗದದ ಗಂಟಿಗೆ ಸಿಗುವುದಿಲ್ಲ. ಅದರಲ್ಲಿಯೂ ಮೊದಲು ರದ್ದಿಗೆ ಹೋಗುವುದು ಯಾರಿಗೂ ಓದಲು ಬಾರದ ಕಾಗದ. ಮೋಡಿ ಬಲ್ಲವರು ಇಂದು ಬೆರಳೆಣಿಕೆಯಷ್ಟು; ಆದುದರಿಂದ ಮನೆಯವರ ಕಣ್ಣಿಗೆ ಅದು ಗೀಚು. ಮೊದಲು ಓದಿಸಿ, ಮಹತ್ವ ತಿಳಿದ ಮೇಲೆ ಕಾಪಾಡೋಣ ಎಂಬ ಕ್ರಮ ಇಲ್ಲಿ ನಡೆಯಲಾರದು. ಮೊದಲು ಪಡಿಯಚ್ಚು, ಓದು ಆಮೇಲೆ. ಫ್ಲೀಟನ ಕಾಲದ ಕೆಲಸಗಾರರೂ ಕಲ್ಲಿನ ಅಕ್ಷರವನ್ನೆಲ್ಲ ಓದಿಕೊಂಡು ಮಸಿ ಸವರಲಿಲ್ಲ.

ಈ ಕೆಲಸಕ್ಕೆ ಕೈಸ್ಕ್ಯಾನರೇ ಏಕೆ, ಎಲ್ಲರ ಜೇಬಿನಲ್ಲಿಯೂ ಮೊಬೈಲ್ ಇದೆಯಲ್ಲ ಎಂದು ಕೇಳಬಹುದು. ಮೊಬೈಲನ್ನು ಹೀಗಳೆಯುವ ಕಾರಣವಿಲ್ಲ. ಬೇರೇನೂ ಇಲ್ಲದಾಗ ಅದೇ ಸಾಕು. ಆದರೆ ಅದರಲ್ಲಿ ತೆಗೆದ ಚಿತ್ರದಲ್ಲಿ ಕೈಯ ನೆರಳು ಬೀಳುತ್ತದೆ, ಕೋನ ತಪ್ಪಿ ಚೌಕ ವಕ್ರವಾಗುತ್ತದೆ, ಕಾಗದದ ನಿಜವಾದ ಅಳತೆ ತಿಳಿಯುವುದಿಲ್ಲ. ಮೇಜಿನ ಸ್ಕ್ಯಾನರು ಉತ್ತಮ ಚಿತ್ರ ಕೊಡುತ್ತದೆ. ಅದನ್ನು ಮನೆಮನೆಗೆ ಒಯ್ಯುವುದು ಕಷ್ಟ, ಆಲ್ಬಮ್ಮಿಗೆ ಅಂಟಿಸಿದ ಫೋಟೋವನ್ನು ಮಗುಚಿ ಒತ್ತಬೇಕಾಗುತ್ತದೆ. ಕೈಸ್ಕ್ಯಾನರು ಎರಡರ ನಡುವಿನದು. ಬೆಳಕು ತನ್ನದೇ, ಅಳತೆ ನಿಜದ್ದು, ಫೋಟೋವನ್ನು ಕೀಳಬೇಕಾಗಿಲ್ಲ. ಇಂಚಿಗೆ 300 ಬಿಂದುಗಳಂತೆ ತೆಗೆದರೆ ಎ-4 ಹಾಳೆಯೊಂದಕ್ಕೆ ಸುಮಾರು 87 ಲಕ್ಷ ಬಿಂದುಗಳಾಗುತ್ತವೆ. ಬರಹಕ್ಕೆ ಇದು ಸಾಕು. ಆರು ಸೆಂಟಿಮೀಟರ್ ಅಗಲ, ಒಂಬತ್ತು ಸೆಂಟಿಮೀಟರ್ ಉದ್ದದ ಹಳೆಯ ಫೋಟೋಗೆ ಅದೇ ಅಳತೆಯಲ್ಲಿ ಏಳೂವರೆ ಲಕ್ಷ ಬಿಂದುಗಳಷ್ಟೇ ಸಿಗುತ್ತವೆ. ಹಿಂದಿನ ಸಾಲಿನಲ್ಲಿ ನಿಂತ ಹುಡುಗನ ಮುಖ ಮಸುಕಾಗುತ್ತದೆ. 600ಕ್ಕೆ ಏರಿಸಿದರೆ ಬಿಂದುಗಳು ನಾಲ್ಕುಪಟ್ಟಾಗುತ್ತವೆ. ಆದುದರಿಂದ ಪತ್ರಕ್ಕೆ 300, ಫೋಟೋಗೆ 600 ಎಂಬ ನಿಯಮ ಇಟ್ಟುಕೊಳ್ಳುವುದು ಒಳ್ಳೆಯದು.

ಯಂತ್ರದ ಮಿತಿಯನ್ನೂ ಸ್ಪಷ್ಟವಾಗಿ ಹೇಳಬೇಕು. ಓಲೆಗರಿಗೆ ಇದನ್ನು ಬಳಸಕೂಡದು. ಈ ಸ್ಕ್ಯಾನರಿನ ಕಣ್ಣು ಕಾಗದಕ್ಕೆ ತಾಗಿದಂತಿದ್ದಾಗ ಮಾತ್ರ ಸ್ಪಷ್ಟವಾಗಿ ಕಾಣುತ್ತದೆ. ಮೇಲ್ಮೈ ಒಂದೆರಡು ಮಿಲಿಮೀಟರ್ ದೂರವಾದರೂ ಅಕ್ಷರ ಮಸುಕು. ಓಲೆ ಸಹಜವಾಗಿಯೇ ಬಾಗಿರುತ್ತದೆ. ಕಂಠದಿಂದ ಕೊರೆದು ಮಸಿ ತುಂಬದೆ ಬಿಟ್ಟ ಅಕ್ಷರಗಳು ಓರೆಯಾಗಿ ಬೀಳುವ ಬೆಳಕಿನಲ್ಲಿ ಮಾತ್ರ ಎದ್ದು ಕಾಣುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ಒಣಗಿದ ಓಲೆಯ ಮೇಲೆ ಉರುಳೆ ಹರಿದರೆ ಅಂಚು ಮುರಿಯುತ್ತದೆ. ಓಲೆಗೆ ಕ್ಯಾಮೆರಾ, ಬದಿಯ ಬೆಳಕು ಮತ್ತು ಬಲ್ಲವರ ಕೈ ಬೇಕು. ಅದನ್ನು ಸಂಸ್ಥೆಗಳಿಗೇ ಬಿಡಬೇಕು. ಹಾಗೆಯೇ ಪದರ ಏಳುತ್ತಿರುವ ಫೋಟೋ, ಮುಟ್ಟಿದರೆ ಉದುರುವ ಕಾಗದ, ಮಧ್ಯದಲ್ಲಿ ಉಬ್ಬಿದ ದಪ್ಪ ಹೊಲಿಗೆಯ ಕಿರ್ದಿ ಇವೂ ಇದಕ್ಕೆ ಹೊಂದುವುದಿಲ್ಲ. ಉಳಿದವಕ್ಕೆ ಗಟ್ಟಿಯಾದ ಸಮತಟ್ಟು ಹಲಗೆ, ತೊಳೆದು ಒಣಗಿದ ಕೈ, ಅವಸರವಿಲ್ಲದ ಎಳೆತ ಇಷ್ಟಿದ್ದರೆ ಸಾಕು. ವೇಗ ಏರುಪೇರಾದರೆ ಅಕ್ಷರ ಹಿಗ್ಗುತ್ತದೆ, ಕುಗ್ಗುತ್ತದೆ; ಅಲ್ಲಿಯೇ ನೋಡಿ ಇನ್ನೊಮ್ಮೆ ಎಳೆಯಬೇಕು. ಮತ್ತೆ ಆ ಮನೆಗೆ ಹೋಗುವಾಗ ಆ ಕಾಗದ ಇರುತ್ತದೆಂಬ ಭರವಸೆ ಇಲ್ಲ.

ಆದರೆ ಕೌಶಲಕ್ಕಿಂತ ಮಿಗಿಲಾದ ಒಂದು ಸಂಗತಿಯಿದೆ. ನಮ್ಮ ಹಳೆಯ ಲಿಪಿಕಾರರು ಪ್ರತಿಯ ಕೊನೆಗೆ ಪುಷ್ಪಿಕೆಯನ್ನು ಬರೆಯುತ್ತಿದ್ದರು. ಯಾವ ಸಂವತ್ಸರ, ಯಾವ ಮಾಸ, ಯಾವ ತಿಥಿ; ಯಾವ ಊರ ಯಾವ ಬಸದಿಯಲ್ಲಿ ಕುಳಿತು; ಯಾರು ಬರೆಯಿಸಿದರು, ಯಾರಿಗೆ ದಾನವಾಗಿ ಕೊಟ್ಟರು; ತಾನು ಕಂಡಂತೆ ಬರೆದಿದ್ದೇನೆ, ತಪ್ಪಿದ್ದರೆ ಬಲ್ಲವರು ತಿದ್ದಬೇಕೆಂಬ ವಿನಂತಿ. ಸದಲಗಾದ ಆ.ನೇ. ಉಪಾಧ್ಯೆಯವರು ಪ್ರವಚನಸಾರ (1935), ವರಾಂಗಚರಿತೆ (1938) ಮುಂತಾದವುಗಳನ್ನು ಸಂಪಾದಿಸಿದಾಗ ತಾವು ಬಳಸಿದ ಪ್ರತಿಗಳ ವಿವರಗಳನ್ನು ಪೀಠಿಕೆಯಲ್ಲಿ ಎಷ್ಟು ಶ್ರದ್ಧೆಯಿಂದ ದಾಖಲಿಸಿದರೆಂಬುದು ಅವರ ಓದುಗರಿಗೆ ತಿಳಿದಿದೆ. ಪುಷ್ಪಿಕೆಯಿಲ್ಲದ ಪ್ರತಿ ತಂದೆ ತಾಯಿ ತಿಳಿಯದ ಮಗುವಿನಂತೆ. ಇಂದಿನ ಸ್ಕ್ಯಾನ್ ಪ್ರತಿಗಳಲ್ಲಿ ಬಹುಪಾಲು ಹೀಗೆಯೇ ಅನಾಥವಾಗಿವೆ. ಕಡತದ ಹೆಸರು ಒಂದು ಅಂಕೆ. ಎಲ್ಲಿಯದು, ಯಾರ ಮನೆಯದು, ಎಷ್ಟನೆಯ ಪುಟ ಎಂಬುದಿಲ್ಲ. ಯಂತ್ರ ತಾನೇ ತಾರೀಖು ಹಾಕುತ್ತದೆಂದು ನಂಬಿ ಕೂರುವಂತೆಯೂ ಇಲ್ಲ; ಬ್ಯಾಟರಿ ತೆಗೆದು ಹಾಕಿದಾಗ ಕೆಲವು ಯಂತ್ರಗಳ ಗಡಿಯಾರ ತಯಾರಾದ ದಿನಕ್ಕೆ ಹಿಂದಿರುಗುತ್ತದೆ, ಆಮೇಲಿನ ಪ್ರತಿಗಳಿಗೆಲ್ಲ ಸುಳ್ಳು ತಿಥಿ ಬೀಳುತ್ತದೆ.

ಆದುದರಿಂದ ಪ್ರತಿ ಗಂಟಿಗೂ ಒಂದು ಪುಷ್ಪಿಕೆ ಇರಲಿ ಎಂಬುದು ನನ್ನ ಆಗ್ರಹ. ಇದಕ್ಕೆ ದೊಡ್ಡ ತಂತ್ರ ಬೇಡ. ಒಂದು ಬಿಳಿ ಹಾಳೆಯ ಮೇಲೆ ದಿನಾಂಕ, ಊರು, ಮನೆತನದ ಹೆಸರು, ಗಂಟಿನಲ್ಲಿರುವ ಹಾಳೆಗಳ ಸಂಖ್ಯೆ, ಪ್ರತಿ ಮಾಡಿದವರ ಹೆಸರು, ಮನೆಯವರು ಯಾವ ಷರತ್ತಿನ ಮೇಲೆ ಒಪ್ಪಿದರು ಎಂಬುದನ್ನು ಕೈಯಿಂದ ಬರೆದು, ಆ ಹಾಳೆಯನ್ನೇ ಮೊದಲ ಚಿತ್ರವಾಗಿ ಸ್ಕ್ಯಾನ್ ಮಾಡಿದರೆ ಸಾಕು. ಕಡತಗಳು ಎಲ್ಲಿಗೆ ಹೋದರೂ ಅದು ಜೊತೆಗೇ ಹೋಗುತ್ತದೆ. ಫೋಟೋವಾದರೆ ಹಿಂಬದಿಯನ್ನೂ ತೆಗೆಯಬೇಕು. ಸ್ಟುಡಿಯೋದ ಮುದ್ರೆ, ಪೆನ್ಸಿಲಿನಲ್ಲಿ ಬರೆದ ಇಸವಿ ಅಲ್ಲಿರುತ್ತವೆ. ಮುಖಗಳಿಗೆ ಹೆಸರು ಹೇಳಬಲ್ಲವರು ಮನೆಯಲ್ಲಿ ಸಾಮಾನ್ಯವಾಗಿ ಒಬ್ಬರೇ ಇರುತ್ತಾರೆ, ಅವರಿಗೆ ಎಂಬತ್ತು ದಾಟಿರುತ್ತದೆ. ಎಡದಿಂದ ಬಲಕ್ಕೆ ಯಾರು ಯಾರು ಎಂದು ಅವರಿಂದ ಅಂದೇ ಕೇಳಿ ಬರೆದುಕೊಳ್ಳದಿದ್ದರೆ ಚಿತ್ರ ಉಳಿಯುತ್ತದೆ, ಮನುಷ್ಯರು ಹೋಗುತ್ತಾರೆ. 1866ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಧಾರವಾಡ ಮತ್ತು ಮೈಸೂರು ವಾಸ್ತುಶಿಲ್ಪದ ಛಾಯಾಚಿತ್ರಗಳ ದೊಡ್ಡ ಸಂಪುಟದಲ್ಲಿ ಪಿಗೌ, ನೀಲ್, ಬಿಗ್ಸ್ ಎಂಬವರು ತೆಗೆದ ನಮ್ಮ ಗುಡಿಗಳ ಚಿತ್ರಗಳಿವೆ. ತೆಗೆದವರ ಹೆಸರು, ಗುಡಿಯ ಊರು ದಾಖಲಾದ್ದರಿಂದಲೇ ಒಂದೂವರೆ ಶತಮಾನದ ಮೇಲೂ ಅವು ಆಕರವಾಗಿ ಉಪಯೋಗಕ್ಕೆ ಬರುತ್ತಿವೆ.

ಒಪ್ಪಿಗೆಯ ಮಾತು ಬಂತು. ವಿದ್ವಾಂಸರ ಒಂದು ವಾದ ಹೀಗಿದೆ: ಜ್ಞಾನ ಎಲ್ಲರದು, ಸಿಕ್ಕಿದ್ದನ್ನೆಲ್ಲ ಅಂತರ್ಜಾಲಕ್ಕೆ ಏರಿಸಬೇಕು. ಗ್ರಂಥಗಳ ಮಟ್ಟಿಗೆ ನಾನು ಇದನ್ನು ಬಹುಮಟ್ಟಿಗೆ ಒಪ್ಪುತ್ತೇನೆ. ಮನೆಯ ಕಾಗದಗಳ ಮಟ್ಟಿಗೆ ಒಪ್ಪಲಾರೆ. ಅವುಗಳಲ್ಲಿ ಸಾಲವಿದೆ, ಹಿಸ್ಸೆಯ ಜಗಳವಿದೆ, ವಿಧವೆಯಾದ ಮಗಳ ಬಗ್ಗೆ ತಂದೆ ಅಣ್ಣನಿಗೆ ಬರೆದ ಪತ್ರವಿದೆ. ಪ್ರತಿ ಮಾಡುವುದು ಬೇರೆ, ಪ್ರಕಟಿಸುವುದು ಬೇರೆ. ಯಾವುದನ್ನು ತೆರೆಯಬಹುದು, ಯಾವುದನ್ನು ಇಂತಿಷ್ಟು ವರ್ಷ ಮುಚ್ಚಿಡಬೇಕು ಎಂದು ನಿರ್ಧರಿಸುವ ಹಕ್ಕು ಮನೆಯವರದು. ಆ ಹಕ್ಕನ್ನು ನಾವು ಗೌರವಿಸುತ್ತೇವೆಂದು ತಿಳಿದರೆ ಮುಚ್ಚಿದ ಬಾಗಿಲುಗಳೂ ತೆರೆದಾವು. ಮೂಡುಬಿದಿರೆಯ ಪ್ರಸಂಗದಲ್ಲಿಯೂ ಕಡೆಗೆ ಆದದ್ದು ಇದೇ. ಪ್ರಕಟಣೆ ಮುಂದುವರಿದಂತೆ ಅಲ್ಲಿಯ ಮಠ ಮತ್ತು ಪಂಚರ ಸಹಕಾರ ದೊರೆತು, ಮೂಲ ಓಲೆಗಳೊಡನೆ ಪಾಠವನ್ನು ಹೋಲಿಸುವ ಅವಕಾಶವಾಯಿತು. ಗುಟ್ಟಿನ ಪ್ರತಿ ಬಾಗಿಲವರೆಗೆ ತಂದಿತು. ಒಳಗೆ ಕರೆದುಕೊಂಡು ಹೋದದ್ದು ವಿಶ್ವಾಸ.

ಇನ್ನೊಂದು ಆಕ್ಷೇಪಣೆಯೂ ಉಂಟು. ತರಬೇತಿಯಿಲ್ಲದವರು ಮಾಡಿದ ಪ್ರತಿಗಳು ಗುಣಮಟ್ಟದಲ್ಲಿ ಕಡಿಮೆ, ಇದು ಪರಿಣತರ ಕೆಲಸ ಎನ್ನುವವರಿದ್ದಾರೆ. ಪರಿಣತರು ಎಲ್ಲ ಮನೆಗಳಿಗೂ ಬರುವುದಾದರೆ ನನ್ನ ತಕರಾರಿಲ್ಲ. ಅವರು ಬರುವ ಮೊದಲು ರದ್ದಿಯವನು ಬರುತ್ತಾನೆ. ವಾಲ್ಟರ್ ಎಲಿಯಟ್ ನಮ್ಮ ಸೀಮೆಯಲ್ಲಿ ಅಧಿಕಾರಿಯಾಗಿದ್ದಾಗ ಶಾಸನಗಳನ್ನು ಕೈಬರಹದಲ್ಲಿ ನಕಲು ಮಾಡಿಸಿದ. ಫ್ಲೀಟನ ಕಾಲದ ಅಳತೆಗೋಲಿನಿಂದ ನೋಡಿದರೆ ಅವು ತಪ್ಪುಗಳುಳ್ಳ ಪ್ರತಿಗಳೇ. ಆದರೂ ಚಾಲುಕ್ಯರ ಚರಿತ್ರೆಗೆ ಮೊದಲ ಅಡಿಪಾಯ ಬಿದ್ದದ್ದು ಅವುಗಳಿಂದ. ಸಾಧಾರಣವಾದ ಒಂದು ಪ್ರತಿಗೂ ಏನೂ ಇಲ್ಲದಿರುವುದಕ್ಕೂ ಇರುವ ಅಂತರ, ಸಾಧಾರಣ ಪ್ರತಿಗೂ ಉತ್ತಮ ಪ್ರತಿಗೂ ಇರುವ ಅಂತರಕ್ಕಿಂತ ಬಹಳ ದೊಡ್ಡದು.

ಈ ಕೆಲಸಕ್ಕೆ ಹೊಸ ಸಂಸ್ಥೆ ಬೇಕಾಗಿಲ್ಲ, ಹೊಸ ಹಬ್ಬವೂ ಬೇಕಾಗಿಲ್ಲ. ಜ್ಯೇಷ್ಠ ಶುದ್ಧ ಪಂಚಮಿ ನಮಗೆ ಶ್ರುತಪಂಚಮಿ. ಪುಷ್ಪದಂತ ಭೂತಬಲಿ ಆಚಾರ್ಯರು ಷಟ್‌ಖಂಡಾಗಮವನ್ನು ಬರಹಕ್ಕಿಳಿಸಿ ಮುಗಿಸಿದ ನೆನಪಿನ ದಿನ. ಕೇಳಿ ನೆನಪಿಟ್ಟುಕೊಂಡದ್ದು ಇನ್ನು ಉಳಿಯಲಾರದೆಂಬ ಭಯದಿಂದ ಬರಹವನ್ನು ಆಶ್ರಯಿಸಿದ ದಿನ. ಅಂದು ಬಸದಿಗಳಲ್ಲಿ ಶಾಸ್ತ್ರಗ್ರಂಥಗಳನ್ನು ಹೊರಗೆ ತೆಗೆದು, ಧೂಳು ಕೊಡವಿ, ಹೊಸ ವಸ್ತ್ರ ಸುತ್ತಿ ಪೂಜಿಸುವುದು ವಾಡಿಕೆ. ಧಾರವಾಡದ ಜಿಟಿಜಿಟಿ ಮಳೆ ಹಿಡಿದು ಕಪಾಟಿನೊಳಗೆ ತೇವ ಇಳಿಯುವ ಮೊದಲು ಬರುವ ಈ ಹಬ್ಬದಲ್ಲಿ ಹಿರಿಯರ ವಿವೇಕವಿದೆ. ಗ್ರಂಥಗಳು ಹೇಗೂ ಹೊರಗೆ ಬರುವ ಆ ದಿನ, ಮನೆಮನೆಯ ಗಂಟುಗಳೂ ಬಸದಿಯ ಅಂಗಳಕ್ಕೆ ಬರಲಿ. ಒಂದು ಬಸದಿಗೆ ಒಂದು ಕೈಸ್ಕ್ಯಾನರು, ನಾಲ್ವರು ಕಾಲೇಜು ಹುಡುಗ ಹುಡುಗಿಯರು, ಹೆಸರು ಬರೆದುಕೊಳ್ಳಲು ಒಂದು ವಹಿ ಇದ್ದರೆ ಆ ದಿನ ಎಷ್ಟೋ ಗಂಟುಗಳಿಗೆ ಪಡಿಯಚ್ಚಾದೀತು. ಮೊದಲ ಪ್ರತಿ ಮನೆಯವರಿಗೆ, ಎರಡನೆಯದು ಬಸದಿಗೆ, ಅವರು ಒಪ್ಪಿದರೆ ಮೂರನೆಯದು ವಿಶ್ವವಿದ್ಯಾಲಯಕ್ಕೆ. ಗಂಟು ಅದೇ ಸಂಜೆ ಮನೆಗೆ ಹಿಂದಿರುಗಬೇಕು.

ಶಾಸ್ತ್ರದಾನಕ್ಕೆ ಕನ್ನಡ ನಾಡಿನಲ್ಲಿ ಎಲ್ಲರೂ ಹೇಳುವ ಹೆಸರು ಲಕ್ಕುಂಡಿಯ ಅತ್ತಿಮಬ್ಬೆಯದು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂದು ಪರಂಪರೆ ಹೇಳುತ್ತದೆ. ಆಕೆ ಪ್ರತಿಗಳನ್ನು ಕೂಡಿಡಲಿಲ್ಲ, ಹಂಚಿದಳು. ಒಂದೆಡೆ ಬೆಂಕಿ ಬಿದ್ದರೂ ಇನ್ನೊಂದೆಡೆ ಉಳಿಯಲೆಂಬ ಬುದ್ಧಿ ಆ ದಾನದಲ್ಲಿದೆ. ಸಾವಿರ ಓಲೆಪ್ರತಿಗಳಿಗೆ ಬೇಕಾದ ಸಂಪತ್ತು ನಮ್ಮಲ್ಲಿಲ್ಲದಿರಬಹುದು. ಒಂದು ಗಂಟಿಗೆ ಮೂರು ಪ್ರತಿ ಮಾಡಿ ಮೂರು ಕಡೆ ಇಡುವ ಶಕ್ತಿ ಪ್ರತಿಯೊಂದು ಬಸದಿಗೂ ಇದೆ. ಮುಂದಿನ ಶ್ರುತಪಂಚಮಿಗೆ ಹುಬ್ಬಳ್ಳಿ ಧಾರವಾಡದ ಯಾವುದಾದರೂ ಒಂದು ಬಸದಿ ಇದನ್ನು ಕೈಗೆತ್ತಿಕೊಂಡರೆ ಉಳಿದವು ನೋಡಿ ಕಲಿತಾವು. ಅಷ್ಟರೊಳಗೆ ಮನೆ ಖಾಲಿ ಮಾಡುವ ಸಂದರ್ಭ ಯಾರಿಗಾದರೂ ಬಂದರೆ, ಓದಲು ಬಾರದ ಆ ಗಂಟನ್ನು ರದ್ದಿಯವನ ತಕ್ಕಡಿಗೆ ಹಾಕುವ ಮೊದಲು ಒಂದು ದಿನ ತಡೆಯಿರಿ ಎಂದಷ್ಟೇ ನನ್ನ ವಿನಂತಿ.